ಕೋಲ್ಕತ್ತದಲ್ಲಿ ಕಳೆದುಹೋದ ಶಿಗ್ಗಾವಿ

ಸೋಮವಾರ, ಮಧ್ಯಾಹ್ನ ಮೂರೂವರೆ. ಹಾಜರಿದ್ದವರು: ನಾನು, ನನಗೆ ಕೆಲಸ ಕಲಿಸುವ ಮಿತಾಲಿ, ಬಾಗಿಲಲ್ಲಿ ನಿಂತ ಕೇಂದ್ರದ ಮುಖ್ಯಸ್ಥರು. ಪರದೆಯ ಮೇಲಿನ ಜಮೀನು ಪಟ್ಟಿಯಲ್ಲಿ ಹಾನಗಲ್, ಸವಣೂರು, ಹಿರೇಕೆರೂರು ತಾಲೂಕುಗಳು ಇದ್ದವು. ಶಿಗ್ಗಾವಿ ಮುಕ್ಕಾಲು ಅಳಿಸಿಹೋಗಿತ್ತು.

“ಐದು ಗಂಟೆಯೊಳಗೆ ಸಿಗದಿದ್ದರೆ ಆ ತಾಲೂಕನ್ನೇ ವರದಿಯಿಂದ ಬಿಟ್ಟುಬಿಡೋಣ,” ಎಂದು ಹಿಂದಿಯಲ್ಲಿ ಹೇಳಿ ಮುಖ್ಯಸ್ಥರು ಹೋದರು.

ಅದು ನನ್ನ ತಾಲೂಕು.

ಊರಿನ ಭೂಮೋಜಣಿ ಕಚೇರಿಯಿಂದ ನಿವೃತ್ತಳಾದ ನಾನು, ಮಗಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸವಾದ ಮೇಲೆ ಕೋಲ್ಕತ್ತಕ್ಕೆ ಬಂದೆ. ಕನ್ನಡದ ಜಮೀನು ದಾಖಲೆ ಓದುವವರು ಬೇಕೆಂದು ಈ ಸಂಶೋಧನಾ ಕೇಂದ್ರ ಕರೆಯಿತು. ಹೀಗಾಗಿ ಒಟ್ಟಿಗೆ ಎರಡು ಭಾಷೆ ಕಲಿಯಬೇಕಾಯಿತು. ಒಂದು ಬಂಗಾಳಿ. ಅದರಲ್ಲಿ ಮೊದಲು ಕಲಿತ ಮಾತು ‘ನೇಯ್’, ಅಂದರೆ ಇಲ್ಲ. ಜೋಳದ ಹಿಟ್ಟು ಕೇಳಿದ ಅಂಗಡಿಯಲ್ಲೆಲ್ಲ ಅದೇ ಉತ್ತರ. ಇನ್ನೊಂದು ‘ಆರ್’, ಅಂಕಿಅಂಶಗಳ ಲೆಕ್ಕ ಹಾಕಲು ಕಂಪ್ಯೂಟರಿಗೆ ಅಪ್ಪಣೆ ಕೊಡುವ ಭಾಷೆ. ಊರಲ್ಲಿ ತಪ್ಪು ಬರೆದರೆ ಸಾಹೇಬರು ಕೂಗಾಡುತ್ತಿದ್ದರು. ಇಲ್ಲಿ ನನ್ನ ತಪ್ಪು ಬಂಗಾಳಿಗೆ ತರಕಾರಿಯವಳು ನಗುತ್ತಾಳೆ. ಆರ್ ಎರಡನ್ನೂ ಮಾಡುವುದಿಲ್ಲ, ಸುಮ್ಮನೆ ಒಪ್ಪಿಕೊಳ್ಳುತ್ತದೆ.

ಪಟ್ಟಿ ಕಳಿಸಿದ್ದ ಹಳೆಯ ಸಹೋದ್ಯೋಗಿ, ಹಾನಗಲ್ಲಿನ ಶಂಕ್ರಪ್ಪನಿಗೆ ಫೋನು ಹಚ್ಚಿದೆ.

“ಶಿಗ್ಗಾವಿ ಹೊಲ ಎಲ್ಲಿ ಹೋದ್ವೋ ಶಂಕ್ರಪ್ಪಾ?”

“ನನ್ನ ಕಿಸೇದಾಗ ಅದಾವ್ರಿ ಅಕ್ಕಾರ! ಎಲ್ಲಾ ಬರದ ಕೊಟ್ಟೇನಲ್ರಿ. ಹೈವೇ ಬಾಜೂಕ ಪ್ಲಾಟ್ ಆಗ್ಯಾವು, ಎನ್‌ಎ ಅಂತ ಹಾಕೇನಿ. ನಿಮ್ಮ ಮಶೀನಿಗೆ ಅಷ್ಟೂ ತಿಳಿಯಂಗಿಲ್ಲೇನ್ರಿ?”

ನಮ್ಮ ಕಡೆ ಎನ್‌ಎ ಎಂದರೆ ಕೃಷಿ ಬಿಟ್ಟು ಬೇರೆ ಬಳಕೆಗೆ ಬದಲಾದ ಜಮೀನು, ಎಲ್ಲರಿಗೂ ಗೊತ್ತು. ನಾನೂ ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದ್ದೆ. ಅದನ್ನು ಮಿತಾಲಿಗೆ ತೋರಿಸಿದೆ. ಅವಳು ಹಣೆ ಹಿಡಿದುಕೊಂಡಳು.

“ಮಾಶಿಮಾ, ಆರ್‌ನಲ್ಲಿ ಎನ್‌ಎ ಅಂದರೆ ನೇಯ್!”

ಮಾಶಿಮಾ ಎಂದರೆ ಚಿಕ್ಕಮ್ಮ. ಇಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಎನ್‌ಎ ಎಂಬ ಎರಡಕ್ಷರ ಕಂಡಲ್ಲೆಲ್ಲ ಮಾಹಿತಿಯೇ ಇಲ್ಲವೆಂದು ತಿಳಿದು ಆರ್ ಸಾಲುಗಳನ್ನು ಕೈಬಿಟ್ಟಿತ್ತು.

ನಾಲ್ಕೂವರೆ. ಎನ್‌ಎ ಇದ್ದಲ್ಲೆಲ್ಲ ಅದೇ ಅರ್ಥದ, ನಮ್ಮ ಕಚೇರಿಯ ಹಳೆಯ ಮಾತು ‘ಬಿನ್‌ಶೇತ್ಕಿ’ಯನ್ನು ಕನ್ನಡದಲ್ಲೇ ಹಾಕಿದೆ. ಕನ್ನಡ ಅಕ್ಷರವನ್ನು ಆರ್ ಒಪ್ಪೀತೋ ಇಲ್ಲವೋ ಎಂದು ಮತ್ತೊಮ್ಮೆ ಓದಿ ನೋಡಿದೆ. ಮಿತಾಲಿ ಎಂಟರ್ ಒತ್ತಿದಳು. ಒಂದೊಂದಾಗಿ ಶಿಗ್ಗಾವಿಯ ಹಳ್ಳಿಗಳ ಸಾಲುಗಳು ಬಂದವು. ಹುಲಗೂರು ಬಂತು, ದುಂಡಸಿ ಬಂತು. ನಾವು ಜೋಳ ಬಿತ್ತುತ್ತಿದ್ದ ದುಂಡಸಿಯ ಹೊಲವೂ ಅದರಲ್ಲಿತ್ತು, ಬಿನ್‌ಶೇತ್ಕಿ ಎಂದು. ಮುಖ್ಯಸ್ಥರು ಬಂದು ನೋಡಿ, “ನಾಲ್ಕೂ ತಾಲೂಕು ಇರಲಿ,” ಎಂದರು.

ಮಿತಾಲಿ ಚೀಲ ಹೆಗಲಿಗೇರಿಸಿದಳು. “ಆಟೋದಲ್ಲಿ ಬಿಡ್ತೀನಿ. ಮನೆ ಎಲ್ಲಿ, ಮಾಶಿಮಾ?”

ನಾನು ದುಂಡಸಿಯ ಸಾಲಿನ ಮೇಲೆ ಬೆರಳಿಟ್ಟೆ.

“ಅಲ್ಲಿಗೆ ಆಟೋ ಹೋಗಲ್ಲ,” ಎಂದು ನಕ್ಕಳು.

ಬೆರಳು ತೆಗೆದು, ಇಲ್ಲಿನ ಓಣಿಯ ಹೆಸರು ಹೇಳಿದೆ. ಕಡತ ಉಳಿಸಿ, ಕಂಪ್ಯೂಟರ್ ಬಂದ್ ಮಾಡಿದೆ.