ಅಯ್ಯನಕೆರೆಯಲ್ಲಿ ಡ್ರಿಲ್ ಮೇಷ್ಟ್ರು

ರೇಣುಕಪ್ರಸಾದ್ ಎದುರಿಗೆ ಸಿಕ್ಕರೆ ಈಗಲೂ ‘ಮೇಷ್ಟ್ರೇ’ ಎನ್ನುತ್ತೇನೆ, ಬಹುವಚನವನ್ನೂ ಕೊಡುತ್ತೇನೆ. ಬರೆಯುವಾಗ ಅದರ ಅಗತ್ಯ ಕಾಣುವುದಿಲ್ಲ.

ಅವನು ಅಜ್ಜಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಕ್ಕಳು ಬಿಸಿಲಲ್ಲಿ ಓಡುವಾಗ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಸೀಟಿ ಊದಿದ್ದೇ ಅವನ ಇಡೀ ಸರ್ವೀಸು. ಹುಡುಗಿಯರ ಖೋಖೋ ತಂಡ ತಾಲ್ಲೂಕಿಗೆ ಮೊದಲು ಬಂದಾಗ ಕಪ್ಪು ಎತ್ತಿ ಹಿಡಿದವನು ಅವನೇ. ಆ ಫೋಟೊದಲ್ಲಿ ಗೆದ್ದ ಹುಡುಗಿಯರ ಅರ್ಧ ಮುಖಗಳು ಅವನ ಹೊಟ್ಟೆಯ ಹಿಂದೆ ಇವೆ. ಮದುವೆ ಮನೆಯಲ್ಲಿ ಬಡಿಸುವವರಿಗೆ ಅಪ್ಪಣೆ ಕೊಡುತ್ತಿದ್ದ, ಸಾವಿನ ಮನೆಯಲ್ಲಿ ಹೊರುವವರಿಗೆ ದಾರಿ ತೋರಿಸುತ್ತಿದ್ದ. ಸೌಟನ್ನಾಗಲಿ ಚಟ್ಟವನ್ನಾಗಲಿ ಮುಟ್ಟಿದ್ದನ್ನು ಕಂಡವರಿಲ್ಲ.

ನಿವೃತ್ತಿಯಾದ ಮೇಲೆ ಆಳಲು ಯಾರೂ ಇಲ್ಲದೆ ಒಣಗುತ್ತಿದ್ದವನು ನಮ್ಮ ನಡಿಗೆಯ ಬಳಗಕ್ಕೆ ಸೇರಿದ. ತರೀಕೆರೆ, ಕಡೂರು, ಅಜ್ಜಂಪುರದ ಒಂದಷ್ಟು ಜನ ಭಾನುವಾರ ಎಲ್ಲಾದರೂ ನಡೆದು, ಬುತ್ತಿ ತಿಂದು ಬರುವುದು, ಅಷ್ಟೇ ನಮ್ಮ ಬಳಗ. ಅದಕ್ಕೆ ಮುಖಂಡನೇ ಇರಲಿಲ್ಲ. ಅವನು ಬಂದ ಮರುವಾರವೇ ಒಬ್ಬ ಇದ್ದ.

ಹೋದ ಮಳೆಗಾಲದ ಕೊನೆಯಲ್ಲಿ ಅಯ್ಯನಕೆರೆಗೆ ಹೊರಟೆವು. ನಾವೆಲ್ಲ ಡ್ರೈವರ್ ಅಲ್ತಾಫನ ಟಿಟಿ ವ್ಯಾನಿನಲ್ಲಿ. ರೇಣುಕಪ್ರಸಾದ್ ಹೆಂಡತಿ ವಿಮಲಮ್ಮನವರ ಜೊತೆ ತನ್ನ ಕಾರಿನಲ್ಲಿ. ದಾರಿಯಲ್ಲಿ ಯಾರದೋ ಹೊಲಕ್ಕೆ ಇಳಿದು ಮಡಿಲು ತುಂಬ ಜೋಳದ ತೆನೆ ಮುರಿದುಕೊಂಡು ಬಂದ. ಕೇಳಿದ್ದಕ್ಕೆ, “ರೈತರು ಏನೂ ಅನ್ಕೊಳಲ್ಲ ಕಣ್ರೀ” ಎಂದ. ಹೊಲದಲ್ಲಿ ರೈತ ಇರಲಿಲ್ಲ.

ಕೆರೆ ಕೋಡಿ ಬಿದ್ದಿತ್ತು. ಶಕುನಗಿರಿ ಬೆಟ್ಟ ತಲೆಕೆಳಗಾಗಿ ನೀರಿನಲ್ಲಿ ನಿಂತಿತ್ತು. ದಡ ಹಿಡಿದು ಸಾಲಾಗಿ ನಡೆಯುತ್ತಿದ್ದ ನಾವು ಒಂದು ಗಳಿಗೆ ನಿಂತು ನೋಡೋಣವೆಂದರೆ ಮುಂದಿನಿಂದ ಸೀಟಿ. ಅವನು ಕೈಬೀಸಿಕೊಂಡು ನಡೆದ; ಅವನ ನೀರು, ಟವೆಲ್ಲು, ತಿಂಡಿ ಎಲ್ಲ ವಿಮಲಮ್ಮನವರ ಹೆಗಲಿನ ಚೀಲದಲ್ಲಿ. ತರೀಕೆರೆಯಲ್ಲಿ ಹೊಲಿಗೆ ಕಲಿಸುವ ನಜೀರಾ ಆ ಚೀಲದ ಒಂದು ಹಿಡಿಯನ್ನು ತಾನು ಹಿಡಿದುಕೊಂಡಳು. ಅವನಿಗೆ ಅದು ಕಾಣಲಿಲ್ಲ, ಏಕೆಂದರೆ ಅವನು ಹಿಂತಿರುಗಿ ನೋಡುತ್ತಿದ್ದದ್ದು ಯಾರು ಹಿಂದೆ ಬಿದ್ದರು ಎಂದು ಬೈಯುವುದಕ್ಕೆ ಮಾತ್ರ.

ಮಧ್ಯಾಹ್ನ ಗಾಡಿಗಳು ನಿಂತಿದ್ದ ಕಡೆಗೇ ಮರಳಿ ಬಂದು ಒಂದು ಅರಳಿಮರದ ಕೆಳಗೆ ಜಮಖಾನ ಹಾಸಿದೆವು. ರೇಣುಕಪ್ರಸಾದ್ ಅಲ್ಲೇ ಕಲ್ಲು ಜೋಡಿಸಲು ಹೇಳಿ, ತೆನೆ ಸುಡಲು ಕಡ್ಡಿ ಒಟ್ಟಿಸಿದ.

“ಮೇಷ್ಟ್ರೇ, ಮೇಲೆ ಹೆಜ್ಜೇನು ಕಟ್ಟೈತೆ ನೋಡ್ರಿ. ಹೊಗೆ ಹಾಕ್ಬೇಡಿ,” ಎಂದಳು ನಜೀರಾ.

“ನಾನು ಎಷ್ಟು ಕ್ಯಾಂಪ್ ಮಾಡ್ಸಿದೀನಿ ಗೊತ್ತೇನಮ್ಮಾ? ಜೇನು ಹೆದ್ರೋರ್ನೇ ಕಚ್ಚೋದು.”

“ರೀ, ಆ ಕಡೆ ಬಯಲಲ್ಲಿ ಹಚ್ಚೋಣ,” ಎಂದರು ವಿಮಲಮ್ಮ ಮೆಲ್ಲಗೆ.

“ನೀನು ತೆನೆ ಸುಲಿ.”

ಕಡ್ಡಿ ಹಸಿಯಾಗಿತ್ತು. ಉರಿಗಿಂತ ಹೊಗೆಯೇ ಹೆಚ್ಚಾಗಿ, ನೇರ ಕೊಂಬೆಗೆ ಏರಿತು. ಮೇಲಿನ ಕರಿ ಜೇನುಗೂಡು ಒಮ್ಮೆ ಅಲುಗಾಡಿದ್ದು ಕಂಡಿತು, ಆಮೇಲೆ ಸದ್ದು. ಮೊದಲು ಎದ್ದವನು ರೇಣುಕಪ್ರಸಾದ್. ಸರ್ವೀಸಿನಲ್ಲಿ ಒಂದು ದಿನವೂ ಓಡದ ಡ್ರಿಲ್ ಮೇಷ್ಟ್ರು ಅಂದು ನಮ್ಮೆಲ್ಲರನ್ನೂ ಹಿಂದೆ ಹಾಕಿ ಓಡಿದ. ಅಲ್ತಾಫ್ ಟಿಟಿಯ ಬಾಗಿಲು ತೆರೆದು ಕೂಗಿದ. ನಾವು ಅದಕ್ಕೆ ನುಗ್ಗಿದೆವು. ವಿಮಲಮ್ಮ ಮಾತ್ರ ಕಾರಿನ ಕಡೆ ಓಡಿದರು. ಗಂಡನ ಹಿಂದೆ ಹೋಗಿ ರೂಢಿ.

ಅವನು ಒಳಗೆ ಕೂತು ಲಾಕ್ ಮಾಡಿಕೊಂಡಿದ್ದ. ಅವರು ಗಾಜು ಬಡಿದರು. ಸೆರಗಿನ ಮೇಲೆ, ತಲೆಯ ಮೇಲೆ ಜೇನು ಮುತ್ತಿದ್ದವು. ಅವನು ಒಳಗಿಂದ ಕೈ ಬೀಸಿದ, ಅಂಗಳಕ್ಕೆ ಬಂದ ಕೋಳಿಯನ್ನು ಅಟ್ಟುವವರ ಹಾಗೆ. ಅವರು ಮತ್ತೆ ಬಡಿದರು. ಅವನು ಮುಖವನ್ನು ಆಚೆಗೆ ತಿರುಗಿಸಿಕೊಂಡ.

ಟಿಟಿಯಿಂದ ಕೆಳಗೆ ಹಾರಿದವಳು ನಜೀರಾ ಒಬ್ಬಳೇ. ಊಟದ ಡಬ್ಬಿಗಳನ್ನೆಲ್ಲ ಉರುಳಿಸಿ ಜಮಖಾನ ಎಳೆದುಕೊಂಡು ಹೋಗಿ ವಿಮಲಮ್ಮನವರ ತಲೆಯ ಮೇಲೆ ಹೊದಿಸಿ, ತಾನೂ ಅದರೊಳಗೆ ನುಸುಳಿ, ಎಳೆದುಕೊಂಡು ಬಂದು ಗಾಡಿಗೆ ಹತ್ತಿಸಿದಳು.

ಸಖರಾಯಪಟ್ಟಣದ ಆಸ್ಪತ್ರೆಯಲ್ಲಿ ಇಬ್ಬರಿಗೂ ಡ್ರಿಪ್ ಹಾಕಿದರು. ವಿಮಲಮ್ಮನವರ ಕಣ್ಣುಗಳು ಊದಿ ಮುಚ್ಚಿಹೋಗಿದ್ದವು. ನಮ್ಮ ಹಿಂದೆಯೇ ಬಂದ ರೇಣುಕಪ್ರಸಾದ್ ನರ್ಸನ್ನು ತಡೆದು, “ನಂಗೂ ಕಿವಿ ಹತ್ರ ಒಂದು ಕಚ್ಚಿದೆ, ನೋಡಿ,” ಎಂದ.

ಅಲ್ತಾಫ್ ತಡೆದುಕೊಳ್ಳಲಾರದೆ ಕೇಳಿದ: “ಬಾಗಿಲು ಯಾಕೆ ತೆಗೀಲಿಲ್ಲ ಸಾರ್?”

“ತೆಗ್ದಿದ್ರೆ ಒಳಗಿದ್ದೋರ್ಗೂ ಅಪಾಯ ಆಗೋದಲ್ಲಪ್ಪಾ.”

“ಒಳಗೆ ಯಾರಿದ್ರು?”

“ನಾನು.”

ಅದನ್ನು ಹೇಳುವಾಗ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ನಿಜವಾಗಿ ಒಂದು ನಿಯಮವನ್ನು ವಿವರಿಸುತ್ತಿದ್ದಂತೆ ಇತ್ತು.

ಎರಡು ದಿನ ಕಳೆದು ಬಳಗದ ವಾಟ್ಸಾಪಿನಲ್ಲಿ ಅವನ ಉದ್ದನೆಯ ಬರಹ ಬಂತು. ಅಪಾಯದ ಹೊತ್ತಿನಲ್ಲಿ ಧೃತಿಗೆಡದೆ ಕಾರು ಸೇರಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಯತ್ನಿಸಿದ್ದಾಗಿಯೂ, ಎಲ್ಲರೂ ತನ್ನ ಸೂಚನೆ ಪಾಲಿಸಿದ್ದರೆ ಹಾನಿ ತಪ್ಪುತ್ತಿತ್ತೆಂದೂ ಬರೆದಿದ್ದ. ಸಂಜೆ ವಿಮಲಮ್ಮನವರ ದನಿಯ ಸಂದೇಶ ಬಂತು. ಗುಂಪಿನಲ್ಲಿ ಅವರು ಮಾತಾಡಿದ್ದು ಅದೇ ಮೊದಲು.

“ಇವ್ರು ಫೋನ್ ಮಾಡ್ಲಿಲ್ಲ. ಕೈ ಬೀಸಿದ್ದು ಬಿಟ್ರೆ ಎರಡೂ ಕೈಲಿ ಬಾಗ್ಲು ಹಿಡ್ಕೊಂಡಿದ್ರು. ನಾನು ಗಾಜಿನ ಈಚೆಗಿದ್ದೆ, ನೋಡ್ದೆ. ನಜೀರಾ, ನಿನ್ನ ಕೈ ಊತ ಇಳೀತೇನಮ್ಮಾ?”

ಸ್ವಲ್ಪ ಹೊತ್ತಿಗೆ ರೇಣುಕಪ್ರಸಾದ್ ಗುಂಪು ಬಿಟ್ಟ. ಅವನನ್ನು ಮತ್ತೆ ಸೇರಿಸೋಣವೆಂದು ಒಬ್ಬರೂ ಹೇಳಲಿಲ್ಲ.

ವಿಮಲಮ್ಮ ಈಗಲೂ ಬರುತ್ತಾರೆ. ಹೋದ ತಿಂಗಳು ಮದಗದ ಕೆರೆಯ ಏರಿಯ ಮೇಲೆ ನಜೀರಾಳ ಜೊತೆ ಎಲ್ಲರಿಗಿಂತ ಹಿಂದೆ, ಬೇಕಾದಲ್ಲೆಲ್ಲ ನಿಂತುಕೊಂಡು ನಡೆದರು. ಮನೆಯಲ್ಲಿ ಏನೂ ಅನ್ನಲ್ವಾ ಎಂದು ಕೇಳಿದೆ.

“ಅಡ್ಗೆ ಮಾಡಿಟ್ಟು ಬಂದಿದೀನಿ. ಉಪ್ಪಿನ್‌ಕಾಯಿ ಎಲ್ಲಿ ಅಂತ ಫೋನ್ ಮಾಡ್ತಾರೆ. ನಾನು ಎತ್ತಲ್ಲ,” ಎಂದರು.

ಮೊನ್ನೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ಹಿರಿಯ ನಾಗರಿಕರಿಗೆ ವ್ಯಾಯಾಮ ಶಿಬಿರ ಮಾಡುತ್ತಾನಂತೆ, ನಾನೂ ಸೇರಬೇಕಂತೆ. ಶಿಸ್ತಿನ ಬಗ್ಗೆ ಹೇಳತೊಡಗಿದ. ನಾನು “ಬಸ್ ಬಂತು ಮೇಷ್ಟ್ರೇ” ಎಂದು ಎದುರಿಗಿದ್ದದ್ದನ್ನು ಹತ್ತಿಬಿಟ್ಟೆ. ಅದು ಶಿವನಿ ಊರಿಗೆ ಹೋಗುವ ಬಸ್ಸು. ನಾನು ಹೋಗಬೇಕಾಗಿದ್ದದ್ದು ಬೀರೂರಿಗೆ.