ಹಕ್ಕು ಬಿಟ್ಟ ಮೇಲೆ ಸಿಂದಗಿ

ಭಾಗ್ಯಾ, ಮುತ್ತು, ಸಿಂದಗಿಗೆ ಬಂದ ದಿನ ನನ್ನನ್ನು ಹೆದರಿಸಿದ್ದು ಬಸ್ ನಿಲ್ದಾಣದ ಗದ್ದಲವಲ್ಲ. ಬಾಡಿಗೆಗೆ ಒಂದು ಖೋಲಿ ಕೇಳಲು ಹೋದರೆ, ಮನೆಯ ಮಾಲಕಿ ಸುಲೋಚನಾಬಾಯಿ ಕೂತುಕೊಳ್ಳಿ ಅನ್ನುವ ಮೊದಲೇ "ನಿಮ್ಮ ಹೆಸರೇನ್ರಿ?" ಎಂದರು. ನಮ್ಮ ಗೊಳಸಂಗಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಯಾರ ಮನೆಯವಳು ಎಂದು ಕೇಳುತ್ತಾರೆ, ಮನೆತನ ಹೇಳಿದರೆ ಮುಗಿಯಿತು.

"ಶಿವಲೀಲಾ" ಎಂದೆ.

"ಯಜಮಾನ್ರ ಹೆಸರು?"

"ತೀರಿಕೊಂಡಾರ್ರಿ" ಎಂದು ಸೆರಗು ಎಳೆದುಕೊಂಡು ನೆಲ ನೋಡಿದೆ.

"ಅಗ್ರಿಮೆಂಟಿಗೆ ಬೇಕ್ರಿ. ಹೆಸರ ಹಿಡದರ ತೀರಿಕೊಂಡವರು ಎದ್ದು ಬಂದು ಜಗಳಾ ತಗೀತಾರೇನು?"

ಅಗ್ರಿಮೆಂಟ್ ಎಂದರೆ ಕರಾರು ಪತ್ರ. ಹನ್ನೊಂದು ತಿಂಗಳು ಇಲ್ಲಿರಬಹುದು, ಆಮೇಲೆ ಹೊಸದಾಗಿ ಬರೆಯಬೇಕು. ಗೊಳಸಂಗಿಯ ಮನೆಗೆ ಸೊಸೆಯಾಗಿ ಬಂದು ಅಜ್ಜಿಯಾಗುವ ತನಕ ಇದ್ದೆ. ಅಲ್ಲಿರಲು ಯಾವ ಕಾಗದವೂ ಬೇಕಾಗಿರಲಿಲ್ಲ. ಹೊರಬೀಳಲು ಮಾತ್ರ ಒಂದು ಕಾಗದ ಸಾಕಾಯಿತು.

ಆ ಕಾಗದದ ವಿಷಯ ನಿಮಗೆ ತಿಳಿದಿರಬೇಕು. ನಿಮ್ಮ ಅಜ್ಜ ತೀರಿದಾಗ ಅವರ ಮತ್ತು ಅವರ ತಮ್ಮನ ಹೊಲ, ಮನೆ ಇನ್ನೂ ಪಾಲಾಗಿರಲಿಲ್ಲ. ಅಜ್ಜನ ಪಾಲು ನನಗೂ ನಿಮ್ಮ ಅವ್ವ ಗೌರಿಗೂ ಬರಬೇಕಿತ್ತು. ಹಾಗೆ ತೀರಿದವರ ಜಾಗದಲ್ಲಿ ಉಳಿದವರ ಹೆಸರು ಹಚ್ಚುವುದಕ್ಕೆ ವಾರಸಾ ಎನ್ನುತ್ತಾರೆ. "ವಾರಸಾ ಮಾಡಸೂಣು, ನಡೀರಿ ವೈನಿ" ಎಂದು ಮೈದುನ ನಮ್ಮಿಬ್ಬರನ್ನೂ ನೋಂದಣಿ ಕಚೇರಿಗೆ ಕರೆದೊಯ್ದ.

ಅಲ್ಲಿ ಅಧಿಕಾರಿ ನನ್ನನ್ನೇ ನೋಡಿ, "ಗಂಡನ ಹೆಸರು ಹೇಳ್ರಿ" ಎಂದರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕಾಡಿದರೆ ಒಡಪಿನ ಪದ್ಯದೊಳಗೆ ಸೇರಿಸಿ ಹೇಳುವುದುಂಟು, ಅಷ್ಟೆ. ಕಚೇರಿಯಲ್ಲಿ ಒಡಪು ಹೇಳಲಾಗುತ್ತದೆಯೇ? ಸುಮ್ಮನೆ ನಿಂತೆ.

"ನಮ್ಮ ವೈನಿ ಹಳೇ ಕಾಲದಾಕಿ ಸಾಹೇಬ್ರ. ನಾ ಹೇಳ್ತೇನಿ" ಎಂದು ಮೈದುನ ನಕ್ಕ.

ಹೆಸರು ಅವನು ಹೇಳಿದ. ಮುಂದಿನದಕ್ಕೂ ಅವನೇ ಬಾಯಿಯಾದ. ಓದಿ ಹೇಳಿದ್ದೀರಾ ಎಂದರೆ "ಹೇಳೇನ್ರಿ", ಇವರ ಒಪ್ಪಿಗೆ ಇದೆಯೇ ಎಂದರೆ "ಐತ್ರಿ". ಊರ ಸಾಲಿಯಲ್ಲಿ ನಾನೂ ಓದು ಕಲಿತವಳು. ಮೈದುನನ ಎದುರು ಕಾಗದ ಹಿಡಿದು ಓದಿದರೆ ನಂಬಿಕೆ ಇಲ್ಲವೆಂದಾಗುತ್ತದೆ ಎಂದು ಓದಲಿಲ್ಲ. ಸಹಿ ಮಾಡಿದೆ. ಅವ್ವ ಮಾಡಿದಳೆಂದು ಗೌರಿಯೂ ಮಾಡಿದಳು.

ಬಿತ್ತನೆಯ ಹೊತ್ತಿಗೆ ಹೊಲಕ್ಕೆ ಹೋದಾಗ ಗೊತ್ತಾಯಿತು. "ನೀವ್ಯಾಕ ಬಂದ್ರಿ ವೈನಿ? ಬರದು ಕೊಟ್ಟೀರಲ್ಲ" ಎಂದ ಮೈದುನ. ನಾವು ಬರೆದುಕೊಟ್ಟಿದ್ದು ಹಕ್ಕು ಬಿಡುಗಡೆ ಪತ್ರ. ನನ್ನ ಪಾಲು ನನಗೆ ಬೇಡ, ಇವರಿಗೇ ಇರಲಿ ಎಂದು ಒಪ್ಪಿ ಕೊಡುವ ಪತ್ರ. ಹೊಲದ ಜೊತೆ ಮನೆಯೂ ಅದರಲ್ಲಿತ್ತು.

ಮನೆ ಬಿಟ್ಟ ಮೇಲೆ ಇಂಡಿಯಲ್ಲಿ ಗೌರಿಯ ಅತ್ತೆಮನೆಯಲ್ಲಿ ಎಷ್ಟು ದಿನ ಇರಲಿ? ಸಿಂದಗಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಗೊಳಸಂಗಿಯಲ್ಲಿ ನೆಲದೊಳಗಿನ ನಮ್ಮದೇ ಹಗೇವಿನ ಜೋಳ ಇತ್ತು, ಇಲ್ಲಿ ಅಂಗಡಿಯಿಂದ ಚೀಲದಲ್ಲಿ ತರುವ ಹಿಟ್ಟಿನಲ್ಲಿ ಅರ್ಧಕ್ಕರ್ಧಕ್ಕೆ ಜಿಗುಟೇ ಇರುವುದಿಲ್ಲ. ದಿನವಿಡೀ ಜನರ ನಡುವೆ ಇದ್ದು, ಸಂಜೆ ಖೋಲಿಗೆ ಬಂದರೆ ಮಾತನಾಡಿಸಲು ಗೋಡೆ ಮಾತ್ರ.

ಸುಲೋಚನಾಬಾಯಿ ಸಾಲಿ ಕಲಿಸಿ ನಿವೃತ್ತರಾದವರು, ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಒಂದು ದಿನ ನನ್ನ ಕಥೆ ಪೂರ್ತಿ ಕೇಳಿ, "ಅತ್ತರ ಹೊಲಾ ಬರತದೇನ್ರಿ ಬಾಯಿ? ಮೊದಲ ಉತಾರ ತಗಸ್ರಿ" ಎಂದರು. ಉತಾರದಲ್ಲಿ ಹೊಲ ಯಾರ ಹೆಸರಿನಲ್ಲಿದೆ ಎಂದು ಇರುತ್ತದೆ. ತೆಗೆಸಿದೆ. ವಕೀಲರನ್ನು ಕಂಡು, ಮೋಸದಿಂದ ಬರೆಸಿಕೊಂಡ ಪತ್ರ ರದ್ದಾಗಲಿ ಎಂದು ಗೌರಿಯೂ ನಾನೂ ದಾವೆ ಹೂಡಿದೆವು. ಅಜ್ಜನ ಬ್ಯಾಂಕ್ ಖಾತೆಗೆ ಮೈದುನ ನಾಮಿನಿ, ಆ ದುಡ್ಡೂ ಅವನದೇ ಎಂದುಕೊಂಡಿದ್ದೆ. ನಾಮಿನಿ ಬರೀ ಇಸಿದುಕೊಳ್ಳುವ ಕೈ, ವಾರಸುದಾರರಿಗೆ ಅದರಲ್ಲಿ ಹಕ್ಕಿದೆ ಎಂದು ವಕೀಲರು ತಿಳಿಸಿದರು.

ಕಟಕಟೆಯಲ್ಲಿ ನಿಲ್ಲಿಸಿ ಗಂಡನ ಹೆಸರು ಕೇಳಿದರು. "ಬಸಪ್ಪ" ಎಂದೆ, ಎಲ್ಲರಿಗೂ ಕೇಳುವಂತೆ. ಗೆದ್ದೆ ಅನ್ನಿಸಿತು. ಮೈದುನನ ವಕೀಲ ಎದ್ದು ನಿಂತ.

"ಇಷ್ಟ ಚಂದ ಹೆಸರ ಹೇಳ್ತೀರಿ. ಅವತ್ತ ಕಚೇರ್ಯಾಗ ಯಾಕ ಸುಮ್ಮನಿದ್ರಿ? ಒಪ್ಪಿಗಿ ಇತ್ತಂತಲ್ಲೇನು?"



ಅಂದಿನಿಂದ ತಾರೀಕು ಮುಂದಕ್ಕೆ ಹೋಗುತ್ತಲೇ ಇದೆ. ದಾವೆಯ ಕಾಗದದಲ್ಲಿ ನನ್ನನ್ನು 'ಗೊಳಸಂಗಿಯವರು, ಹಾಲಿ ವಸತಿ ಸಿಂದಗಿ' ಎಂದು ಬರೆದಿದ್ದಾರೆ. ಹಾಲಿ ಎಂದರೆ ಈಗಿನ ಮಟ್ಟಿಗೆ. ಬಾಗೇವಾಡಿಯ ಮೇಲೆ ಹೋಗುವ ಬಸ್ಸಿನಲ್ಲಿ ಗೊಳಸಂಗಿಗೆ ಚೀಟಿ ತೆಗೆಯುವಾಗ ಊರಿಗೆ ಹೊರಟೆ ಅನ್ನಿಸುತ್ತದೆ. ಇಳಿದ ಮೇಲೆ ಯಾರ ಮನೆಗೆ ಹೋಗಲಿ ಎಂದು ತಿಳಿಯುವುದಿಲ್ಲ. ತಿರುಗಿ ಬಂದು ಸಿಂದಗಿಯಲ್ಲಿ ಇಳಿದರೆ ಖೋಲಿಯ ಕೀಲಿ ಕೈಯಲ್ಲಿರುತ್ತದೆ, ಆದರೆ ಊರು ನನ್ನದಲ್ಲ.

ಈಗ ಉಸಿರು ಸಾಲುತ್ತಿಲ್ಲ. ತೀರ್ಪು ಬರುವ ಮೊದಲೇ ನಾನು ಹೋದರೆ ತಡಮಾಡದೆ ವಕೀಲರಿಗೆ ತಿಳಿಸಬೇಕು, ಸತ್ತವಳ ಜಾಗದಲ್ಲಿ ವಾರಸುದಾರರ ಹೆಸರು ಹಚ್ಚದಿದ್ದರೆ ನನ್ನ ಪಾಲಿನ ದಾವೆ ಬಿದ್ದುಹೋಗುತ್ತದಂತೆ. ನನ್ನ ನಂತರ ನಿಮ್ಮ ಅವ್ವ, ಅವಳ ನಂತರ ನೀವು. ಹೊಲ ಕೊಡಲಾಗಲಿಲ್ಲ, ಜಗಳ ಕೊಟ್ಟು ಹೋಗುತ್ತಿದ್ದೇನೆ. ನಾನೇ ಬರೆದ ಈ ಹಾಳೆಗಳನ್ನು ಕೋರ್ಟಿನ ಕಾಗದಗಳ ಜೊತೆಗೇ ಕಟ್ಟಿಡಿ, ಇಲಿ ಮುಟ್ಟದಂತೆ ಟ್ರಂಕಿನಲ್ಲಿ. ಆ ಕಾಗದಗಳಲ್ಲಿ ಇರುವುದೆಲ್ಲ ನನ್ನ ಪರವಾಗಿ ಬೇರೆಯವರು ಬರೆದದ್ದು.