ಬಾಯಿ ಬಿಟ್ಟ ಮಾದರಿ ಚಿತ್ರ

ನಮ್ಮ ಚಿಕ್ಕಮ್ಮನ ಮನೆಯ ಯಜಮಾನ ನಿಜವಾಗಿ ಇರೋದು ಕಂಪ್ಯೂಟರ್ ಒಳಗೆ, ಹೊರಗೆ ಓಡಾಡೋದು ಬರೀ ನೆರಳು ಅಂತ ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಮಾತು ಚಿಕ್ಕಮ್ಮನ ಕಿವಿಗೂ ಬಿತ್ತು. "ನೆರಳು ಅಳಿಸೋಕೂ ಪ್ರೋಗ್ರಾಂ ಇದೆ, ಬೇಕಾ?" ಅಂದಳು.

ಚಿಕ್ಕಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವಳು. ಮನೆಯ ಊಟದ ಮೇಜಿನ ಒಂದು ತುದಿಯಲ್ಲಿ ಹೆಚ್ಚಬೇಕಾದ ತರಕಾರಿ, ಇನ್ನೊಂದು ತುದಿಯಲ್ಲಿ ಅವಳ ಲ್ಯಾಪ್‌ಟಾಪ್. ಕಲಿಯುವವರಿಗೆಂದು ಪುಟ್ಟ ಪುಟ್ಟ ಮಾದರಿ ಪ್ರೋಗ್ರಾಂ ಬರೆದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಂಚುತ್ತಿದ್ದಳು. ಮಸುಕಾದ ಫೋಟೋ ಚೊಕ್ಕ ಮಾಡುವುದು ಹೇಗೆ, ಮುಖದ ಅಂಚು ಹುಡುಕುವುದು ಹೇಗೆ, ರಾಶಿ ಫೋಟೋ ತೋರಿಸಿ ಯಾರು ಎದ್ದಿದ್ದಾರೆ ಯಾರು ಮಲಗಿದ್ದಾರೆ ಅಂತ ಗುರುತಿಸಲು ಕಂಪ್ಯೂಟರಿಗೆ ಕಲಿಸುವುದು ಹೇಗೆ, ಹೀಗೆ. ಪ್ರತಿಯೊಂದರ ಕೆಳಗೂ ಬರಬೇಕಾದ ಉತ್ತರ ಇರುತ್ತಿತ್ತು; ನಿಮ್ಮದು ಅದಕ್ಕೆ ಹೊಂದಿದರೆ ನೀವು ಪಾಸು.

ಇದಕ್ಕೆಲ್ಲ ಒಂದು ಫೋಟೋ ಬೇಕಲ್ಲ? ಚಿಕ್ಕಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರು. ಅಲ್ಲಿ ಸೀಟಿ ಊದಿದರೆ ಕಾಗೆಯೂ ಸಾಲಾಗಿ ಕೂರಬೇಕು. ಮನೆಗೆ ಬಂದರೆ ಮಾತ್ರ ಆರಾಮಕುರ್ಚಿಯಲ್ಲಿ ಬಾಯಿ ಬಿಟ್ಟು ಗೊರಕೆ. ಬಾಯಲ್ಲಿ ಗಾಢ ಕತ್ತಲೆ, ಹಣೆಯ ಮೇಲೆ ಬೆಳಕು, ಮೀಸೆಯಲ್ಲಿ ಸಣ್ಣ ಸಣ್ಣ ಗೆರೆ. ಇಷ್ಟೆಲ್ಲ ಒಂದೇ ಮುಖದಲ್ಲಿ ಎಲ್ಲಿ ಸಿಗಬೇಕು? ಚಿಕ್ಕಮ್ಮ ಕ್ಲಿಕ್ಕಿಸಿ, ಎಲ್ಲ ಪ್ರೋಗ್ರಾಂಗೂ ಅದನ್ನೇ ಹಾಕಿಬಿಟ್ಟಳು. ಕಂಡಕಂಡ ದೇಶದ ಮಕ್ಕಳೆಲ್ಲ ಚಿಕ್ಕಪ್ಪನನ್ನು ಬೂದು ಮಾಡಿದರು, ತಲೆಕೆಳಗೆ ಮಾಡಿದರು, ಮೂಗು ಅಳೆದರು. ಪಾಪ, ಅವನಿಗೊಬ್ಬನಿಗೇ ಗೊತ್ತಿರಲಿಲ್ಲ.

ಗೊತ್ತಾದದ್ದು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಹೊಸದಾಗಿ ಬಂದ ಡಾಕ್ಟರಮ್ಮ ಅವನ ಮುಖವನ್ನೇ ದಿಟ್ಟಿಸಿದಳು.

"ಸರ್, ಸ್ವಲ್ಪ ಬಾಯಿ ತೆಗೀರಿ... ಅಯ್ಯೋ, ನೀವೇ! ಎಕ್ಸ್‌ರೇ ಚಿತ್ರ ತಿದ್ದೋದು ನಾನು ಕಲಿತದ್ದೇ ನಿಮ್ಮ ಮೇಲೆ!"

ಚಿಕ್ಕಪ್ಪ ನೋಯುವ ಹಲ್ಲನ್ನು ಹಾಗೇ ಬಾಯಲ್ಲಿಟ್ಟುಕೊಂಡು ಮನೆಗೆ ಬಂದ. ಬಟ್ಟೆ ತುಂಬಿಕೊಂಡು ನೇರ ನಮ್ಮ ಮನೆಯ ಸೋಫಾದ ಮೇಲೆ ಬಂದು ಕೂತ. "ಆ ಫೋಟೋ ಇರೋ ತನಕ ನಾನು ಆ ಮನೆ ಮೆಟ್ಟಲು ಹತ್ತಲ್ಲ" ಅಂದ.

ಹಿಂದೆಯೇ ಚಿಕ್ಕಮ್ಮ ಬಂದಳು. "ರೀ, ನಿಮ್ಮ ಮುಖ ತೆಗೆದರೆ ಎಲ್ಲಾ ಉತ್ತರಾನೂ ತಪ್ಪಾಗುತ್ತೆ. ಎಷ್ಟು ವರ್ಷದ ಕೆಲಸ ಗೊತ್ತಾ?"

"ಅವನ ಮಾನ ಬೀದಿಪಾಲಾಗಿದೆ, ನಿನಗೆ ಉತ್ತರದ ಚಿಂತೆ!" ಅಂತ ನಮ್ಮಮ್ಮ ತಂಗಿಗೆ ಉಗಿದಳು.

ಚಿಕ್ಕಮ್ಮ ಗಂಡನ ಬದಲಿಗೆ ಬೆಕ್ಕಿನ ಫೋಟೋ ಹಿಡಿಯಲು ಹೋದಳು, ಅದು ನಿಲ್ಲಲಿಲ್ಲ. ಕುಕ್ಕರಿನ ಫೋಟೋ ತೆಗೆದಳು. ಅದಕ್ಕೆ ಮೀಸೆ ಇಲ್ಲ. ವಾರ ಕಳೆಯಿತು. ಚಿಕ್ಕಪ್ಪ ಕದಲಲಿಲ್ಲ. ನಮ್ಮಪ್ಪನಿಗೆ ಸೋಫಾ ಮರೆತೇಹೋಯಿತು. ಖಾಲಿ ಮನೆಯಲ್ಲಿ ತರಕಾರಿ ಹೆಚ್ಚಿ ಹೆಚ್ಚಿ ಚಿಕ್ಕಮ್ಮನ ಮುಖವೂ ಬಾಡಿತು. ಕೊನೆಗೊಂದು ಮಧ್ಯಾಹ್ನ ಬಂದವಳೇ ಚಿಕ್ಕಪ್ಪನ ಕೈಗೆ ಫೋನು ತುರುಕಿದಳು.

"ಏಳಿ ಮೇಲೆ. ನಾನು ಮಲಗ್ತೀನಿ, ನೀವು ತೆಗೀರಿ. ಉತ್ತರ ಎಲ್ಲಾ ಹೊಸದಾಗಿ ಬರೀತೀನಿ."

ನಾಟಕಕ್ಕೆಂದು ಮಲಗಿದವಳು ನಿಜವಾಗಿಯೇ ನಿದ್ದೆಹೋದಳು. ಕನ್ನಡಕ ಮೂಗಿನ ತುದಿಗೆ, ಕೂದಲು ಎಂಟು ದಿಕ್ಕಿಗೆ, ಬಾಯಿ ಗಂಡನಿಗಿಂತ ಅಗಲ. ಚಿಕ್ಕಪ್ಪ ಮನಸಾರೆ ನಾಲ್ಕು ಕಡೆಯಿಂದಲೂ ತೆಗೆದ. ಸಂಜೆ ಬಟ್ಟೆ ಮಡಚಿಕೊಂಡು ಅವಳ ಹಿಂದೆ ಹೊರಟ.

ಆಮೇಲೆ ಇಬ್ಬರೂ ಊಟದ ಮೇಜಿಗೆ ಕೂತು ಒಂದೊಂದೇ ಉತ್ತರ ತಿದ್ದಿದರು. ಇವನು ಅಂಕಿ ಓದುವುದು, ಅವಳು ಒತ್ತುವುದು. ಅವನ ಹಳೇ ಫೋಟೋ ನೋಡಿ ಕಲಿತಿದ್ದ, ಮಲಗಿದವರನ್ನು ಗುರುತಿಸುವ ಪ್ರೋಗ್ರಾಂ ಮಾತ್ರ, ಚಿಕ್ಕಪ್ಪ ಮೀಸೆ ತಿರುವಿ ನೆಟ್ಟಗೆ ನಿಂತ ಫೋಟೋ ತೋರಿಸಿದರೂ 'ನಿದ್ದೆ' ಅನ್ನುತ್ತಿತ್ತು. ಅದು ತಪ್ಪು ಅಂತ ಚಿಕ್ಕಮ್ಮ ಕೊನೆವರೆಗೂ ಒಪ್ಪಲಿಲ್ಲ.

ಹೀಗೇ ವರ್ಷಗಳು ಉರುಳಿದವು. ಉಸಿರಾಟ ಕೈಕೊಟ್ಟ ಒಂದು ಬೆಳಗ್ಗೆ ಚಿಕ್ಕಮ್ಮನನ್ನು ಕರೆದೊಯ್ಯಲು ಆಸ್ಪತ್ರೆಯ ವ್ಯಾನ್ ಬಂತು. ಬಾಗಿಲಲ್ಲಿ ನಿಂತುಬಿಟ್ಟಳು.

"ಪ್ರೋಗ್ರಾಂ ಕಲಿಯೋ ಯಾವುದೋ ಹುಡುಗಿ ಕೇಳಿದಾಳೆ ರೀ, ಚಿತ್ರ ಪೂರ್ತಿ ಕಪ್ಪಾಗಿ ಬರ್ತಿದೆ ಅಂತೆ. ಎರಡು ಸಾಲು ಬರೆದು ಬರ್ತೀನಿ."

"ನಾನು ಬರೀತೀನಿ, ನೀನು ನಡಿ."

"ಏನಂತ ಬರೀತೀರಿ?"

"ಮೊದಲು ಫೋಟೋ ಸರಿಯಾಗಿ ತೆರೆದಿದೆಯಾ ನೋಡಮ್ಮ, ಆಮೇಲೆ ಪ್ರೋಗ್ರಾಂ ಬೈಯಿ ಅಂತ."

ಚಿಕ್ಕಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಬೈಯಿ ಅನ್ನೋದು ಬೇಡ. ಹೊಸಬಳು, ಹೆದರಿಕೊಳ್ತಾಳೆ" ಅಂದು, ಅವನ ತೋಳು ಹಿಡಿದು ಮೆಟ್ಟಲಿಳಿದು, ವ್ಯಾನ್ ಹತ್ತಿದಳು.